ಕಾರಿಗೆ ಅಲಂಕಾರವೋ, ಆಸರೆಯೋ?

ಭಟ್ಕಳ ಪೇಟೆಯಿಂದ ಪಡುವಣಕ್ಕೆ ಕೆಲವೇ ಕಿಲೋಮೀಟರ್ ಸಾಗಿದರೆ ತೆಂಗಿನಗುಂಡಿ. ಇಲ್ಲೊಂದು ಮೀನುಗಾರಿಕಾ ಬಂದರು, ಅದರ ಆಸುಪಾಸಿನಲ್ಲಿ ಮರಳಿನ ದಂಡೆ. ರಜೆಯ ಸಂಜೆ ಮಕ್ಕಳುಮರಿಗಳೊಂದಿಗೆ ಗಾಳಿ ಸೇವನೆಗೆ ಬರುವವರ ಕಾರುಗಳು ಇಂಥ ದಂಡೆಗಳ ದಾರಿಯಲ್ಲಿ ಸಾಲುಗಟ್ಟುತ್ತವೆ. ಆ ಕಾರುಗಳೊಳಗೆ ಇಣುಕಿದರೆ ಒಂದು ಪುಟ್ಟ ಅಂಗಡಿಯೇ ಕಾಣಿಸುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ತಲೆಯಾಡಿಸುವ ಗೊಂಬೆ, ಸುಗಂಧದ ಸೀಸೆ, ಮೊಬೈಲ್ ಹಿಡಿಕೆ. ಸೀಟುಗಳಿಗೆ ದಪ್ಪ ಕವರು, ಹಿಂಬದಿಯ ಗಾಜಿನಡಿಯ ಹಲಗೆಯ ಮೇಲೆ ಸ್ಪೀಕರು, ಕೊಡೆ, ಟಿಫಿನ್ ಡಬ್ಬಿ. ಹೊರಗಡೆ ಫಳಫಳಿಸುವ ಸ್ಟೀಲಿನ ಗಾರ್ಡು. ಇವನ್ನೆಲ್ಲ ಕೊಂಡವರು ಮನೆಮಂದಿಯ ಸುಖಕ್ಕಾಗಿಯೇ ಕೊಂಡಿರುತ್ತಾರೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದೇ ಕಾರಿನಲ್ಲಿ ಹಿಂದಿನ ಸೀಟಿನ ಬೆಲ್ಟಿನ ಕೊಂಡಿ ಕವರಿನ ಅಡಿಯಲ್ಲೆಲ್ಲೋ ಹೂತುಹೋಗಿರುತ್ತದೆ. ಟೈರಿನ ಗಾಳಿ ಎಷ್ಟಿದೆ ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ.

ಕಡಲಿಗಿಳಿಯುವ ದೋಣಿಯಲ್ಲಾದರೋ ಲೆಕ್ಕಾಚಾರವೇ ಬೇರೆ. ಅಲ್ಲಿ ಹಗ್ಗ, ಬಲೆ, ಐಸಿನ ಪೆಟ್ಟಿಗೆ ಎಲ್ಲಕ್ಕೂ ಒಂದೊಂದು ಜಾಗ. ಅಲೆ ಎದ್ದಾಗ ಸಡಿಲವಾಗಿರುವ ವಸ್ತು ಮೊದಲು ಹಾರಿಬರುವುದು ತನ್ನ ಮೇಲೆಯೇ ಎಂಬುದು ಮೀನುಗಾರನಿಗೆ ಅನುಭವದಿಂದ ಗೊತ್ತು. ನೆಲದ ಮೇಲೆ ಓಡುವ ಕಾರಿಗೆ ಈ ನಿಯಮ ಅನ್ವಯಿಸುವುದಿಲ್ಲ ಎಂದು ನಾವು ಭಾವಿಸಿದಂತಿದೆ. ನ್ಯೂಟನ್ನನ ಮೊದಲ ನಿಯಮ ನೆಲಕ್ಕೊಂದು, ನೀರಿಗೊಂದು ಎಂದು ಭೇದ ಮಾಡುವುದಿಲ್ಲ.

ಮಡಿಲೆಂಬ ಭ್ರಮೆ

ಒಂದು ಸರಳ ಲೆಕ್ಕ. ಗಂಟೆಗೆ 50 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಈ ವೇಗದ ಕಾರು ಏನಕ್ಕಾದರೂ ಬಡಿದು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತುಹೋಯಿತೆನ್ನೋಣ. ಆಗ ಉಂಟಾಗುವ ವೇಗಕುಂಠನ ಗುರುತ್ವ ವೇಗೋತ್ಕರ್ಷದ ಹದಿನಾಲ್ಕು ಪಟ್ಟು. ತಾಯಿಯ ಮಡಿಲಲ್ಲಿ ಕುಳಿತ ಹತ್ತು ಕಿಲೋ ತೂಕದ ಮಗು ಆ ಕ್ಷಣದಲ್ಲಿ ನೂರನಲವತ್ತು ಕಿಲೋ ಭಾರದಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಐವತ್ತು ಕಿಲೋದ ಮೂರು ಅಕ್ಕಿ ಮೂಟೆಗಳಿಗೆ ಕೊಂಚ ಕಡಿಮೆ. ಅಷ್ಟನ್ನು ಕಣ್ಣು ಮಿಟುಕಿಸುವುದರೊಳಗೆ ತಡೆದು ಹಿಡಿಯುವ ತೋಳು ಯಾರಿಗೂ ಇಲ್ಲ, ತಾಯಿಗೂ ಇಲ್ಲ.

ವೇಗ 60 ಆದರೆ ಆ ಹೊಡೆತ ಹದಿನಾಲ್ಕು ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ. ಒಳ್ಳೆಯ ಎತ್ತರದ ತೆಂಗಿನ ಮರದ ತುದಿಯಿಂದ ಬಿದ್ದಂತೆ. (ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದರೆ ಈ ಎತ್ತರ ಸಿಗುತ್ತದೆ. ಪ್ರೌಢಶಾಲೆಯ ಮಕ್ಕಳು ತಾವೇ ಮಾಡಿ ನೋಡಬಹುದು.) ಮರದ ತುದಿಯಲ್ಲಿ ಮಗುವನ್ನು ಕೂರಿಸಲು ಒಪ್ಪದ ಮನೆಯವರೇ ಹೆದ್ದಾರಿಯಲ್ಲಿ ಅದನ್ನು ಮುಂದಿನ ಸೀಟಿನ ಮಡಿಲಲ್ಲಿ ಕೂರಿಸಿಕೊಂಡು ಹೊರಡುತ್ತಾರೆ.

ಆದ್ದರಿಂದ ಕುಟುಂಬದ ಕಾರಿಗೆ ಕೊಳ್ಳಬೇಕಾದ ಮೊದಲ ಪರಿಕರ ಯಾವುದೆಂದರೆ, ಚಿಕ್ಕ ಮಕ್ಕಳಿರುವ ಮನೆಯಲ್ಲಿ, ಮಕ್ಕಳ ಆಸನ. ಇದರಲ್ಲಿ ಭಟ್ಕಳದ ಕಡೆಯವರಿಗೆ ಪರಿಚಯವಿಲ್ಲದ್ದೇನೂ ಇಲ್ಲ. ಈ ಊರಿಗೂ ಕೊಲ್ಲಿ ರಾಷ್ಟ್ರಗಳಿಗೂ ಇರುವ ನಂಟು ಎಲ್ಲರಿಗೂ ತಿಳಿದದ್ದೇ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 2017ರಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಂಥ ಆಸನ ಕಡ್ಡಾಯ. ದುಬೈಯಲ್ಲಿ ತಪ್ಪದೆ ಅದರಲ್ಲಿ ಕೂರುವ ಮಗು ರಜೆಗೆ ಊರಿಗೆ ಬಂದೊಡನೆ ಅಜ್ಜಿಯ ಮಡಿಲೇರುತ್ತದೆ. ದೇಶ ಬದಲಾದರೆ ಕಾನೂನಿನ ಬಿಗಿ ಬದಲಾಗಬಹುದು, ಮಗುವಿನ ಕತ್ತಿನ ಮೂಳೆ ಬದಲಾಗುವುದಿಲ್ಲ. ನಮ್ಮಲ್ಲಿಯೂ ಕಾನೂನು ಇಲ್ಲವೆಂದಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟು ಅಥವಾ ಮಕ್ಕಳ ಆಸನವಿಲ್ಲದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡವಿದೆ.

ಆಸನವನ್ನು ಮಗುವಿನ ವಯಸ್ಸಿಗಿಂತ ತೂಕ ಮತ್ತು ಎತ್ತರ ನೋಡಿ ಆರಿಸಬೇಕು. ಎಳೆಯ ಕೂಸುಗಳಿಗೆ ಹಿಮ್ಮುಖವಾಗಿ ಕೂರಿಸುವಂಥದ್ದೇ ಸರಿ, ಏಕೆಂದರೆ ಕೂಸಿನ ತಲೆ ದೇಹದ ಪ್ರಮಾಣಕ್ಕೆ ಭಾರ, ಕತ್ತು ಎಳಸು. ಹಿಮ್ಮುಖವಾಗಿದ್ದರೆ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಇಂಥ ಆಸನವನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಕೂಡದು. ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಲ್ಲಿ ಉಬ್ಬಿ ಹೊರಬರುವ ಏರ್‌ಬ್ಯಾಗು ದೊಡ್ಡವರಿಗೆ ದಿಂಬು, ಕೂಸಿಗೆ ಸುತ್ತಿಗೆ. ಇತ್ತೀಚಿನ ಅನೇಕ ಕಾರುಗಳ ಹಿಂದಿನ ಸೀಟಿನ ಸಂದಿಯಲ್ಲಿ 'ಐಸೋಫಿಕ್ಸ್' ಎಂಬ ಉಕ್ಕಿನ ಕೊಂಡಿಗಳಿರುತ್ತವೆ. ಆಸನದ ಕೊಕ್ಕೆ ಇದಕ್ಕೆ ಟಕ್ಕೆಂದು ಕೂತರೆ ಅಲುಗಾಡುವ ಪ್ರಶ್ನೆಯೇ ಇಲ್ಲ. ಕಾರಿನಲ್ಲಿ ಇವು ಇವೆಯೇ ಎಂದು ಕೈಹಾಕಿ ನೋಡಿಕೊಂಡು ಅಂಗಡಿಗೆ ಹೋಗುವುದು ಜಾಣತನ. ಸ್ವಲ್ಪ ಬೆಳೆದ ಮಕ್ಕಳಿಗೆ ಕೂರುವ ಎತ್ತರವನ್ನು ಹೆಚ್ಚಿಸುವ ಬೂಸ್ಟರ್ ಸಾಕು. ದೊಡ್ಡವರ ಬೆಲ್ಟು ಮಗುವಿನ ಭುಜದ ಮೇಲೆ ಹಾಯದೆ ಕತ್ತಿನ ಮೇಲೆ ಹಾಯುತ್ತಿದ್ದರೆ ಬೂಸ್ಟರ್ ಇನ್ನೂ ಬೇಕೆಂದೇ ಅರ್ಥ.

ದೊಡ್ಡವರ ವಿಷಯಕ್ಕೆ ಬಂದರೆ, ಸ್ವೀಡನ್ನಿನ ನಿಲ್ಸ್ ಬೊಹ್ಲಿನ್ ಎಂಬ ಎಂಜಿನಿಯರ್ ರೂಪಿಸಿದ ಮೂರು ಬಿಂದುಗಳ ಬೆಲ್ಟು 1959ರಲ್ಲಿ ಕಾರಿಗೆ ಬಂತು. ಇಷ್ಟು ವರ್ಷಗಳಲ್ಲಿ ಅದನ್ನು ಮೀರಿಸಿದ ಪರಿಕರ ಇನ್ನೊಂದು ಬಂದಿಲ್ಲ. ಅದು ಕಾರಿನೊಂದಿಗೇ ಬರುತ್ತದೆ, ಬೇರೆ ಕೊಳ್ಳಬೇಕಾಗಿಲ್ಲ. ಆದರೂ ಕೇಂದ್ರ ಸರಕಾರದ ಅಂಕಿಅಂಶದ ಪ್ರಕಾರ 2022ರಲ್ಲಿ ದೇಶದಲ್ಲಿ ಬೆಲ್ಟು ಹಾಕದ 16,715 ಮಂದಿ ರಸ್ತೆ ಅಪಘಾತಗಳಲ್ಲಿ ಸತ್ತರು. ಅವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಚಾಲಕರಲ್ಲ, ಪ್ರಯಾಣಿಕರು. ಅದೇ ವರ್ಷದ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲಘರ್ ಬಳಿ ಮಡಿದದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟಿಲ್ಲದೆ.

ಇಷ್ಟಾದರೂ ಪೇಟೆಯಲ್ಲಿ ಮಾರಾಟವಾಗುತ್ತಿದ್ದ ಒಂದು 'ಪರಿಕರ' ನೋಡಿ: ಬೆಲ್ಟು ಹಾಕದೆಯೇ ಎಚ್ಚರಿಕೆಯ ಸದ್ದನ್ನು ಬಾಯಿ ಮುಚ್ಚಿಸಲು ಕೊಂಡಿಯೊಳಗೆ ತೂರಿಸುವ ಸುಳ್ಳು ನಾಲಗೆ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಆದೇಶ ನೀಡಿ ಇಂಥ ಹದಿಮೂರು ಸಾವಿರಕ್ಕೂ ಹೆಚ್ಚು ಜಾಹೀರಾತುಗಳನ್ನು ತೆಗೆಸಬೇಕಾಯಿತು. ಹಣ ಕೊಟ್ಟು ಅಪಾಯ ಕೊಳ್ಳುವುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಬೇಕಿಲ್ಲ.

ಇನ್ನು ಸಡಿಲ ಸಾಮಾನು. ಊರಿಂದ ಹಿಂದಿರುಗುವಾಗ ಮನೆಯವರು ಪ್ರೀತಿಯಿಂದ ಕೊಟ್ಟ, ಸಿಪ್ಪೆ ಸಹಿತ ಒಂದೂವರೆ ಕಿಲೋ ತೂಗುವ ತೆಂಗಿನಕಾಯಿ ಹಿಂದಿನ ಗಾಜಿನಡಿಯ ಹಲಗೆಯ ಮೇಲಿದ್ದರೆ, ಮೇಲಿನ ಲೆಕ್ಕದಂತೆ ಅದು ಇಪ್ಪತ್ತು ಕಿಲೋಗೂ ಮಿಕ್ಕಿದ ಬಲದೊಂದಿಗೆ ಮುಂದಿನವರ ತಲೆಗೆ ಬಂದು ಅಪ್ಪಳಿಸಬಹುದು. ಕಾರಿನ ಹಿಂಬದಿಯ ಸಾಮಾನು ಗೂಡಿಗೂ ವಾಹನಗಳ ಢಿಕ್ಕಿಗೂ ಜನ ಆಡುಮಾತಿನಲ್ಲಿ 'ಡಿಕ್ಕಿ' ಎಂದೇ ಹೇಳುವುದು ತಮಾಷೆಯ ಸಂಗತಿ. ಭಾರದ ಸಾಮಾನು ಮೊದಲಿನ ಡಿಕ್ಕಿಯಲ್ಲಿದ್ದರೆ ಎರಡನೆಯ ಡಿಕ್ಕಿಯಲ್ಲಿ ಪ್ರಾಣ ಉಳಿದೀತು. ಗೂಡಿನ ಅಡ್ಡಗಲಕ್ಕೆ ಕಟ್ಟುವ ಬಲೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬಂದರಿನ ಊರಿನವರಿಗೆ ಬಲೆ, ಹಗ್ಗಗಳ ಬಗ್ಗೆ ಹೇಳಿಕೊಡುವುದೇನಿದೆ? ನೀರಿನ ಬಾಟಲಿಯನ್ನೂ ಚಾಲಕನ ಕಾಲ ಬಳಿ ಬಿಡಬಾರದು. ಗೇರುಸೊಪ್ಪೆ ಘಾಟಿಯಲ್ಲೋ ದೇವಿಮನೆ ಘಾಟಿಯಲ್ಲೋ ಇಳಿಯುವಾಗ ಉರುಳಿ ಬ್ರೇಕಿನಡಿಗೆ ಸೇರಿದರೆ ಬ್ರೇಕು ಇದ್ದೂ ಇಲ್ಲದಂತೆ. ಚಾಲಕನ ಕಾಲಡಿಯ ಮ್ಯಾಟಿನ ಮೇಲೆ ಇನ್ನೊಂದು ಮ್ಯಾಟು ಹಾಸುವುದೂ ಹೀಗೆಯೇ ಅಪಾಯಕರ. ಮ್ಯಾಟು ಸರಿದು ಆಕ್ಸಿಲರೇಟರನ್ನು ಸಿಕ್ಕಿಸುವ ಸಾಧ್ಯತೆಯಿಂದಾಗಿ 2009ರಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಕಾರುಗಳನ್ನು ವಾಪಸು ಕರೆಸಬೇಕಾಗಿತ್ತು.

ನಾಲ್ಕು ಅಂಗೈಯಷ್ಟು ನೆಲ

ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕೇ ಕಡೆ, ಒಂದೊಂದು ಕಡೆ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಬ್ರೇಕು, ಸ್ಟೀರಿಂಗು, ಎಂಜಿನ್ನು ಏನೇ ಮಾಡಿದರೂ ಈ ನಾಲ್ಕು ಅಂಗೈಗಳ ಮೂಲಕವೇ ಮಾಡಬೇಕು. ಹೀಗಿದ್ದೂ ಟೈರಿನ ಗಾಳಿ ಅಳೆಯುವ ಪುಟ್ಟ ಮಾಪಕ ನಮ್ಮ ಕಾರುಗಳಲ್ಲಿ ಕಾಣುವುದು ಅಪರೂಪ. ಸುಗಂಧದ ಸೀಸೆಗಿಂತ ಅದು ಹೆಚ್ಚು ದುಬಾರಿಯಾದದ್ದೇನಲ್ಲ.

ಎಷ್ಟು ಗಾಳಿ ಬೇಕೆಂಬುದನ್ನು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುತ್ತಾರೆ. ಟೈರಿನ ಮೇಲೆಯೇ ಅಚ್ಚಾಗಿರುವ ಒತ್ತಡದ ಸಂಖ್ಯೆ ಅದು ತಾಳಬಲ್ಲ ಗರಿಷ್ಠ ಮಿತಿಯೇ ಹೊರತು ತುಂಬಬೇಕಾದ ಅಳತೆಯಲ್ಲ. ಅಳೆಯುವುದು ಬೆಳಿಗ್ಗೆ, ಕಾರು ಹೊರಡುವ ಮುನ್ನ. ಓಡಿದ ಟೈರು ಬಿಸಿಯಾಗಿ, ಪ್ರತಿ ಹತ್ತು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಒಂದೂವರೆ ಪಿಎಸ್‌ಐ ಒತ್ತಡ ಏರುತ್ತದೆ. ಅನಿಲದ ಒತ್ತಡ ನಿರಪೇಕ್ಷ ತಾಪಕ್ಕೆ ಅನುಪಾತದಲ್ಲಿರುತ್ತದೆಂದು ಪಾಠದಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಹಣ ಕೊಟ್ಟು ನೈಟ್ರೋಜನ್ ತುಂಬಿಸುವವರು ಸಾಮಾನ್ಯ ಗಾಳಿಯಲ್ಲಿ ಶೇಕಡ 78 ನೈಟ್ರೋಜನ್ನೇ ಇದೆ ಎಂಬುದನ್ನು ನೆನಪಿಡಬಹುದು. ತುಂಬಿಸಿದರೆ ಕೆಡುಕಿಲ್ಲ, ಆದರೆ ಅಳೆಯುವ ಕೆಲಸ ಅದರಿಂದ ತಪ್ಪುವುದಿಲ್ಲ.

ಕರಾವಳಿಯ ಮಳೆಗಾಲದಲ್ಲಿ ಈ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. 2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಒಂದೇ ದಿನದೊಳಗೆ 500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಸತ್ತದ್ದನ್ನು ಜನ ಮರೆತಿಲ್ಲ. ಅಂಥ ದಿನ ಹೊರಡದಿರುವುದೇ ಸರಿ. ಆದರೆ ಸಾಧಾರಣ ಮಳೆಯಲ್ಲೂ ಹಿಂದೆ 17 ಎಂದಿದ್ದು ಈಗ 66 ಎಂಬ ಸಂಖ್ಯೆ ಹೊತ್ತಿರುವ ರಾಷ್ಟ್ರೀಯ ಹೆದ್ದಾರಿಯ ಮೇಲೆ ತೆಳ್ಳಗೆ ನೀರು ನಿಲ್ಲುತ್ತದೆ. ಚತುಷ್ಪಥವಾದ ಮೇಲೆ ವೇಗವೂ ಏರಿದೆ. ಟೈರು ತನ್ನ ಗೀರುಗಳ ಮೂಲಕ ನೀರನ್ನು ಬದಿಗೆ ತಳ್ಳಲಾರದಷ್ಟು ವೇಗ ಬಂದಾಗ ಅದು ನೀರಿನ ಮೇಲೇರಿ ತೇಲತೊಡಗುತ್ತದೆ. ಆಗ ಸ್ಟೀರಿಂಗೂ ಇಲ್ಲ, ಬ್ರೇಕೂ ಇಲ್ಲ. ಅಮೆರಿಕದ ನಾಸಾ ಸಂಸ್ಥೆ 1960ರ ದಶಕದಲ್ಲಿ ವಿಮಾನದ ಟೈರುಗಳ ಮೇಲೆ ಪ್ರಯೋಗ ನಡೆಸಿ, ಗೀರು ಸವೆದ ಟೈರು ತೇಲುವ ವೇಗ ಅದರ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆಂದು ಕಂಡುಕೊಂಡಿತು. ಆ ಸೂತ್ರದಂತೆ ಒತ್ತಡ 32 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 94 ಕಿಲೋಮೀಟರಿಗೆ, 25ಕ್ಕೆ ಇಳಿದಿದ್ದರೆ 83ಕ್ಕೇ ತೇಲಾಟ ಶುರು. ಏಳು ಪಿಎಸ್‌ಐ ಗಾಳಿಯ ಬೆಲೆ ಹನ್ನೊಂದು ಕಿಲೋಮೀಟರ್ ವೇಗ! ಆಳವಾದ ಗೀರುಗಳಿರುವ ಟೈರು ಇದಕ್ಕಿಂತ ಚೆನ್ನಾಗಿ ನಿಭಾಯಿಸುತ್ತದೆ. ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗಳಿವೆ. ಟೈರಿನ ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್ ಮಾತ್ರ, ಬದಲಾಯಿಸಲೇಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತೂ ಇರುತ್ತದೆ. 2423 ಎಂದಿದ್ದರೆ 2023ನೇ ಇಸವಿಯ 24ನೇ ವಾರದಲ್ಲಿ ತಯಾರಾದದ್ದು. ಹಳೆಯ ಕಾರು ಕೊಳ್ಳುವವರು ಇದನ್ನು ಮೊದಲು ಓದಬೇಕು.

ಸ್ಟೆಪ್ನಿಯ ಬಗ್ಗೆ ಒಂದು ಮಾತು. ಟ್ಯೂಬಿಲ್ಲದ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಇಲ್ಲದೆಯೂ ಕಾರು ಮಾರಲು 2020ರಿಂದ ನಿಯಮ ಅನುಮತಿಸಿದೆ. ಮೊಳೆ ಚುಚ್ಚಿದ ತೂತಿಗೆ ಕಿಟ್ ಸಾಕು. ಘಾಟಿಯ ಕಲ್ಲಿಗೆ ಉಜ್ಜಿ ಟೈರಿನ ಪಕ್ಕೆ ಹರಿದರೆ ಕಿಟ್ಟಿನಿಂದ ಏನೂ ಆಗದು. ಮಲೆನಾಡಿಗೂ ಕರಾವಳಿಗೂ ಓಡಾಡುವ ಮನೆಯವರು ಕಾರು ಕೊಳ್ಳುವಾಗಲೇ ಡಿಕ್ಕಿ ತೆರೆದು ನೋಡಿಕೊಳ್ಳುವುದು ಲೇಸು. ಜಾಕ್ ಮತ್ತು ಪಾನಾ ಇದ್ದರೆ ಸಾಲದು. ಮನೆಯ ಅಂಗಳದಲ್ಲಿ ಹಗಲು ಹೊತ್ತಿನಲ್ಲಿ ಒಮ್ಮೆ ಚಕ್ರ ಬಿಚ್ಚಿ ಹಾಕಿ ಅಭ್ಯಾಸವಿರಬೇಕು. ಹೈಸ್ಕೂಲು ಮಕ್ಕಳನ್ನೂ ಜೊತೆಗೆ ಸೇರಿಸಿಕೊಂಡರೆ ಸನ್ನೆಕೋಲಿನ ಪಾಠ ಮರೆಯುವುದಿಲ್ಲ.

ಕೊಳ್ಳದಿದ್ದರೇ ಲಾಭ

ಬಂಪರಿನ ಮುಂದೆ ಹಾಕಿಸುವ ಸ್ಟೀಲ್ ಗಾರ್ಡು ಕಾರಿಗೆ ಗತ್ತು ತರುತ್ತದೆ, ನಿಜ. ಆದರೆ ಢಿಕ್ಕಿಯಾದಾಗ ಕಾರಿನ ಮೂತಿ ತಾನು ಜಜ್ಜಿಹೋಗಿ ಹೊಡೆತವನ್ನು ನುಂಗುವಂತೆ ಅದನ್ನು ರಚಿಸಿರುತ್ತಾರೆ. ಗಾರ್ಡು ಆ ಹೊಡೆತವನ್ನು ನೇರವಾಗಿ ಚೌಕಟ್ಟಿಗೆ ದಾಟಿಸುತ್ತದೆ, ಏರ್‌ಬ್ಯಾಗಿನ ಸಂವೇದಕಗಳನ್ನು ದಾರಿ ತಪ್ಪಿಸಲೂಬಹುದು. ಅಡ್ಡ ಬಂದ ಪಾದಚಾರಿಯ ಗತಿ ಹೇಳುವುದೇ ಬೇಡ. 2017ರ ಡಿಸೆಂಬರಿನಲ್ಲಿಯೇ ಕೇಂದ್ರ ಸರಕಾರ ಇವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದಿದೆ.

ಕಪ್ಪು ಫಿಲ್ಮಿನದ್ದೂ ಇದೇ ಕಥೆ. ಮುಂದಿನ, ಹಿಂದಿನ ಗಾಜುಗಳಲ್ಲಿ ಕನಿಷ್ಠ ಶೇಕಡ 70, ಪಕ್ಕದ ಗಾಜುಗಳಲ್ಲಿ ಶೇಕಡ 50 ಬೆಳಕು ಹಾಯಬೇಕೆಂಬುದು ನಿಯಮ. ಸುಪ್ರೀಂ ಕೋರ್ಟು 2012ರಲ್ಲಿ ಕಪ್ಪು ಫಿಲ್ಮುಗಳ ವಿರುದ್ಧ ತೀರ್ಪಿತ್ತದ್ದು ಅನೇಕರಿಗೆ ನೆನಪಿರಬಹುದು. ಮಳೆಗಾಲದ ರಾತ್ರಿ ಕಪ್ಪು ಗಾಜಿನ ಮೂಲಕ ಬದಿಯ ಸೈಕಲ್ ಸವಾರನನ್ನು ಕಾಣುವುದು ಹೇಗೆ? ನಿಂತ ಕಾರಿಗೆ ಬಿಸಿಲು ತಡೆಯುವ ಮಡಚುವ ಪರದೆ ಒಳ್ಳೆಯದು. ಸ್ಟೀರಿಂಗು ಕೈ ಸುಡುವುದಿಲ್ಲ. ಪರದೆ ಇದೆಯೆಂದು ಮಗುವನ್ನು ಒಳಗೆ ಬಿಟ್ಟು ಐದೇ ನಿಮಿಷಕ್ಕೆಂದು ಅಂಗಡಿಗೆ ಹೋಗುವುದು ಮಾತ್ರ ಕೂಡದು. ಮುಚ್ಚಿದ ಕಾರಿನಲ್ಲಿ ಒಂದು ಗಂಟೆಯೊಳಗೆ ಉಷ್ಣತೆ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುತ್ತದೆಂದೂ, ಅದರ ಬಹುಪಾಲು ಮೊದಲ ಅರ್ಧ ಗಂಟೆಯಲ್ಲೇ ಏರಿಬಿಡುತ್ತದೆಂದೂ 2005ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಅಧ್ಯಯನ ತೋರಿಸಿದೆ. ಗಾಜನ್ನು ಬೆರಳಷ್ಟು ಇಳಿಸಿದ್ದರಿಂದ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ.

ಹೆಡ್‌ಲೈಟಿಗೆ 60/55 ವಾಟ್ ಬಲ್ಬಿನ ಬದಲು 100/90 ವಾಟಿನದ್ದು ಹಾಕಿಸಿದರೆ ವಿದ್ಯುತ್ ಪ್ರವಾಹ 1.67 ಪಟ್ಟಾಗುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವೋ ಪ್ರವಾಹದ ವರ್ಗಕ್ಕೆ ತಕ್ಕಂತೆ 2.8 ಪಟ್ಟು. ಕಾರಿಗೆ ಬೆಂಕಿ ಬೀಳಲು ಇಷ್ಟು ಸಾಕು. ಎದುರಿನವನ ಕಣ್ಣು ಕುಕ್ಕುವುದು ಬೇರೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಬಿಗಿಯಾದ ಕವರು ಹೊಲಿಸುವವರು ಏರ್‌ಬ್ಯಾಗು ಹೊರಬರುವ ದಾರಿಯನ್ನೇ ಹೊಲಿಸುತ್ತಿರುತ್ತಾರೆ.

ಮಕ್ಕಳಿಗೆಂದು ಸೀಟಿನ ಬೆನ್ನಿಗೆ ಹಾಕಿಸುವ ಟಿ.ವಿ. ಪರದೆ ಘಾಟಿಯ ದಾರಿಗೆ ತಕ್ಕದ್ದಲ್ಲ. ಒಳಕಿವಿ 'ದೇಹ ತಿರುಗುತ್ತಿದೆ' ಎನ್ನುತ್ತದೆ, ಪರದೆಯಲ್ಲಿ ನೆಟ್ಟ ಕಣ್ಣು 'ಇಲ್ಲ, ಸುಮ್ಮನಿದೆ' ಎನ್ನುತ್ತದೆ. ಮೆದುಳಿಗೆ ಈ ಜಗಳ ಬಗೆಹರಿಯದೆ ವಾಂತಿಯಾಗುತ್ತದೆ. ಕಿಟಕಿಯಾಚೆ ದೂರದ ಬೆಟ್ಟ ನೋಡುವ ಮಗುವಿಗೆ ತೊಂದರೆ ಕಡಿಮೆ. ಖರ್ಚೂ ಇಲ್ಲ.

ಕೆಟ್ಟು ನಿಂತಾಗ

ಹೊಸ ಕಾರಿನೊಂದಿಗೆ ಒಂದು ಕೆಂಪು ತ್ರಿಕೋನ ಬರುತ್ತದೆ. ಅನೇಕರು ಅದರ ಪ್ಲಾಸ್ಟಿಕ್ ಚೀಲವನ್ನೂ ಹರಿದಿರುವುದಿಲ್ಲ. ಅದರ ಮೈಯಲ್ಲಿರುವ ಪುಟ್ಟ ಪುಟ್ಟ ಮೂಲೆಗಳು ಬೆಳಕನ್ನು ಬಂದ ದಿಕ್ಕಿಗೇ ಮರಳಿಸುತ್ತವೆ. ಆದ್ದರಿಂದ ಹಿಂದಿನಿಂದ ಬರುವ ಲಾರಿಯ ಬೆಳಕು ಅದೇ ಲಾರಿಯ ಚಾಲಕನ ಕಣ್ಣಿಗೆ ಹೊಳೆಯುತ್ತದೆ. ಇದೇ ತತ್ವದ ಪ್ರತಿಫಲಕಗಳನ್ನು 1969ರಲ್ಲಿ ಅಪೋಲೊ 11ರ ಯಾತ್ರಿಗಳು ಚಂದ್ರನ ಮೇಲಿಟ್ಟು ಬಂದರು. 2023ರಲ್ಲಿ ಇಳಿದ ನಮ್ಮ ಚಂದ್ರಯಾನ-3ರ ವಿಕ್ರಮ್ ಮೇಲೂ ಅಂಥದ್ದೊಂದಿದೆ.

ಇದನ್ನು ಕಾರಿನ ಬೆನ್ನಿಗೇ ಒರಗಿಸಿ ಇಡುವುದರಿಂದ ಪ್ರಯೋಜನವಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಾಲಕ ಕಂಡು ಕಾಲು ಒತ್ತಲು ಒಂದೂವರೆ ಸೆಕೆಂಡು ಹಿಡಿದರೆ 33 ಮೀಟರ್ ಹೋಯಿತು. ಒದ್ದೆ ರಸ್ತೆಯಲ್ಲಿ ನಿಲ್ಲಲು ಮತ್ತೆ 60ಕ್ಕೂ ಹೆಚ್ಚು ಮೀಟರ್ ಬೇಕು. ಹೆದ್ದಾರಿಯಲ್ಲಿ ತ್ರಿಕೋನ ನೂರು ಮೀಟರ್ ಹಿಂದೆ, ತಿರುವಿದ್ದರೆ ತಿರುವಿಗೂ ಹಿಂದೆ ಇರಬೇಕು. ಇಡಲು ಹೋಗುವವರು ಹೊಳೆಯುವ ಪಟ್ಟಿಯ ಜಾಕೀಟು ತೊಟ್ಟು ರಸ್ತೆಯ ಅಂಚಿನಲ್ಲಿ ನಡೆಯುವುದು ಕ್ಷೇಮ. ಮಕ್ಕಳು, ಹಿರಿಯರು ಕಾರಿನಿಂದಿಳಿದು ರಸ್ತೆಯಿಂದಾಚೆ ನಿಲ್ಲಲಿ. ಕಡಿದ ಗುಡ್ಡದ ಬುಡವಾಗಿದ್ದರೆ ಅಲ್ಲಿ ನಿಲ್ಲಕೂಡದು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಇದೇ ಹೆದ್ದಾರಿಯ ಮೇಲೆ ಕುಸಿದ ಗುಡ್ಡಕ್ಕೆ ಯಾವ ಪರಿಕರವೂ ಉತ್ತರವಾಗಿರಲಿಲ್ಲ.

ಅದಾಗಿ ಮೂರೇ ವಾರಕ್ಕೆ, ಆಗಸ್ಟ್ 7ರ ರಾತ್ರಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದು ಲಾರಿಯೊಂದು ನೀರಿಗೆ ಬಿತ್ತು. ಹೊರಬಂದು ಲಾರಿಯ ಮೇಲೇರಿ ನಿಂತ ಚಾಲಕನನ್ನು ಪೊಲೀಸರು, ಮೀನುಗಾರರು ಸೇರಿ ಉಳಿಸಿದರು. ನೀರಿಗಿಳಿದ ಕಾರಿನ ಬಾಗಿಲು ಹೊರಗಿನ ಒತ್ತಡದಿಂದ ತೆರೆಯುವುದು ಕಷ್ಟ. ಬೆಲ್ಟು ಬಿಚ್ಚಿ ತಕ್ಷಣ ಪಕ್ಕದ ಗಾಜು ಇಳಿಸಬೇಕು, ಇಳಿಯದಿದ್ದರೆ ಒಡೆಯಬೇಕು. ಇದಕ್ಕೆಂದೇ ಚೂಪು ಮೂತಿಯ ಸಣ್ಣ ಸುತ್ತಿಗೆ, ಬೆಲ್ಟು ಕತ್ತರಿಸುವ ಅಲಗಿನೊಂದಿಗೆ ಸಿಗುತ್ತದೆ. ಹೊಡೆಯುವುದು ಪಕ್ಕದ ಗಾಜಿನ ಮೂಲೆಗೆ. ಬಹುತೇಕ ಕಾರುಗಳಲ್ಲಿ ಇದು ಹದಗೊಳಿಸಿದ ಗಾಜು, ಒಂದೇಟಿಗೆ ಹರಳುಹರಳಾಗಿ ಉದುರುತ್ತದೆ. ಮುಂದಿನ ಗಾಜಿನ ನಡುವೆ ಪ್ಲಾಸ್ಟಿಕ್ ಪದರವಿರುವುದರಿಂದ ಅದು ಬಿರುಕು ಬಿಟ್ಟೀತೇ ಹೊರತು ದಾರಿ ಬಿಡದು.

ಉಳಿದದ್ದನ್ನು ಬೇಗ ಹೇಳಿಬಿಡಬಹುದು. ಐಎಸ್ಐ ಮುದ್ರೆಯ ಒಂದು ಕಿಲೋ ಪುಡಿಯ ಬೆಂಕಿ ಆರಿಸುವ ಡಬ್ಬಿ, ಟಾರ್ಚು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಓಆರ್‌ಎಸ್ ಪೊಟ್ಟಣ, ಮಳೆಗಾಲಕ್ಕೆ ಮುಂಚೆ ಹೊಸ ವೈಪರ್ ರಬ್ಬರು. ಆಂಬುಲೆನ್ಸಿಗೆ 108, ಹೆದ್ದಾರಿಯ ನೆರವಿಗೆ 1033, ಯಾವುದೇ ತುರ್ತಿಗೆ 112 ಎಂಬುದನ್ನು ಕಾಗದದಲ್ಲಿ ಬರೆದು ಅಂಟಿಸಿದ್ದರೆ ಮೊಬೈಲಿನ ಬ್ಯಾಟರಿ ಸತ್ತಾಗ ಇನ್ನೊಬ್ಬರ ಫೋನಿನಿಂದ ಕರೆಯಬಹುದು. ದಂಡೆಯ ಮರಳಿನಲ್ಲಿ ಚಕ್ರ ಹೂತರೆ ಎಳೆಯಲು ಗಟ್ಟಿ ನೈಲಾನ್ ಹಗ್ಗ ಬೇಕು. ಎಳೆಯುವಾಗ ಯಾರೂ ಹಗ್ಗದ ಬಳಿ ನಿಲ್ಲಬಾರದು, ಹಿಗ್ಗಿದ ಹಗ್ಗ ಹರಿದರೆ ಚಾಟಿಯಂತೆ ಬೀಸುತ್ತದೆ. ಅಲೆ ಮುಟ್ಟುವಲ್ಲಿಗೆ ಕಾರು ಇಳಿಸದಿರುವುದೇ ಮೇಲು. ಉಪ್ಪುನೀರು ಸಿಡಿದಿದ್ದರೆ ಮನೆಗೆ ಬಂದ ದಿನವೇ ಕಾರಿನ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಯಬೇಕು.

ಕೊನೆಗೆ, ಇವನ್ನೆಲ್ಲ ಇಡುವ ಜಾಗ. ಸುತ್ತಿಗೆ ಚಾಲಕನ ಕೈಗೆಟಕುವಲ್ಲಿ, ಬೆಂಕಿಯ ಡಬ್ಬಿ ಮುಂದಿನ ಸೀಟಿನ ಬಳಿ ಬಿಗಿಯಾಗಿ ಕಟ್ಟಿದಂತೆ ಇರಬೇಕು. ತ್ರಿಕೋನವನ್ನೂ ಟಾರ್ಚನ್ನೂ ಡಿಕ್ಕಿಯಲ್ಲಿ ಎಲ್ಲಕ್ಕಿಂತ ಕೊನೆಗೆ, ಎಲ್ಲದರ ಮೇಲೆ ಇಡಬೇಕು. ಅಕ್ಕಿ ಮೂಟೆ, ಹಲಸಿನಹಣ್ಣು, ಹಾಸಿಗೆ ಸುರುಳಿಯ ಅಡಿಯಲ್ಲಿದ್ದರೆ ರಾತ್ರಿಯ ಮಳೆಯಲ್ಲಿ ಹೊನ್ನಾವರದ ಆಚೆ ಟೈರು ಪಂಕ್ಚರಾದಾಗ ಅದನ್ನು ಹುಡುಕಲು ಟಾರ್ಚು ಬೇಕು, ಟಾರ್ಚು ಹುಡುಕಲು ಇನ್ನೊಂದು ಟಾರ್ಚು.